ಲಂಕೆಗೆ ಹೊರಟವರು ಯಾವ ದಾರಿ ಹಿಡಿಯಬೇಕು?

ಲಂಕೆ ಎಂದ ಕೂಡಲೇ ನಮ್ಮವರ ಕಣ್ಣ ಮುಂದೆ ಬರುವುದು ರಾವಣ, ಅಶೋಕವನ, ಹನುಮಂತನ ಬಾಲ. ಅದಾದ ಮೇಲೆ ಚಹಾ ಮತ್ತು ಕ್ರಿಕೆಟ್. ಬೆಂಗಳೂರಿನಿಂದ ವಿಮಾನ ಹತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ತಲುಪಬಹುದಾದ ಈ ನೆರೆ ದೇಶದ ಬಗ್ಗೆ ನಮ್ಮ ತಿಳಿವಳಿಕೆ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ. ಹೀಗಾಗಿ ಪ್ರವಾಸ ಹೊರಡುವವರು ಏಜೆಂಟರು ಕೊಟ್ಟ ಪಟ್ಟಿಯನ್ನೇ ನಂಬಿಕೊಂಡು ಹೋಗುತ್ತಾರೆ. ಆ ಪಟ್ಟಿಗಳೆಲ್ಲ ಬಹುಮಟ್ಟಿಗೆ ಒಂದೇ ಅಚ್ಚಿನವು. ಕೊಲಂಬೊದಲ್ಲಿ ಇಳಿಯುವುದು, ಕ್ಯಾಂಡಿಗೆ ಹೋಗಿ ಬುದ್ಧನ ದಂತದ ದೇವಾಲಯ ನೋಡುವುದು, ನುವಾರ ಎಲಿಯದ ತಂಪಿನಲ್ಲಿ ಒಂದು ರಾತ್ರಿ, ಚಹಾ ತೋಟದಲ್ಲಿ ಫೋಟೊ, ದಕ್ಷಿಣದ ಕಡಲ ತೀರದಲ್ಲಿ ವಿಶ್ರಾಂತಿ, ಮತ್ತೆ ಕೊಲಂಬೊ.

ಈ ದಾರಿಯನ್ನು ಹಾಕಿದವರು ಯಾರು? ಪ್ರವಾಸೋದ್ಯಮದವರಂತೂ ಅಲ್ಲ. ಕಾಫಿ ಬೆಳೆದ ಬ್ರಿಟಿಷರು ತಮ್ಮ ಮೂಟೆಗಳು ಬಂದರಿಗೆ ಇಳಿಯಲೆಂದು ಹಾಕಿದ ದಾರಿ ಅದು. ಅದಕ್ಕೂ ಮೊದಲು ಅರಸರು ಕೆರೆಗಳ ಜೊತೆಗೇ ರಾಜಧಾನಿಗಳನ್ನು ಕಟ್ಟಿ, ಬಿಟ್ಟು, ದಕ್ಷಿಣಕ್ಕೆ ಸರಿದ ಇನ್ನೊಂದು ದಾರಿಯಿದೆ. ಮೂರನೆಯದು, 26 ವರ್ಷಗಳ ಯುದ್ಧ ಮುಚ್ಚಿಹಾಕಿದ್ದ ದಾರಿ. ಈ ಮೂರನ್ನೂ ಒಂದೇ ಪ್ರವಾಸದಲ್ಲಿ ಜೋಡಿಸಿಕೊಳ್ಳುವುದು ಕಷ್ಟವೇನಲ್ಲ. ದೇಶದ ವಿಸ್ತೀರ್ಣ 65,610 ಚದರ ಕಿಲೋಮೀಟರು. ಕರ್ನಾಟಕದ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹತ್ತು ಹನ್ನೆರಡು ದಿನಗಳಿದ್ದರೆ ಸಾಕು. ಆದರೆ ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಯೋಚಿಸಬೇಕು.

ರಾಮಾಯಣದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುವುದು ಒಳ್ಳೆಯದು. ನುವಾರ ಎಲಿಯದ ಬಳಿಯ ಸೀತಾ ಎಲಿಯದಲ್ಲಿ ಸೀತಾ ಅಮ್ಮನ ಗುಡಿಯಿದೆ. ಭಾರತದಿಂದ ಬರುವ ಯಾತ್ರಿಕರನ್ನು ಗಮನದಲ್ಲಿಟ್ಟುಕೊಂಡು ಈ ಶತಮಾನದಲ್ಲಿ ರಾಮಾಯಣದ ತಾಣಗಳೆಂದು ಹಲವು ಸ್ಥಳಗಳ ಪ್ರಚಾರವೂ ನಡೆದಿದೆ. ಭಕ್ತಿಯಿಂದ ಹೋಗುವವರು ಹೋಗಲಿ. ಆದರೆ ಸಿಂಹಳೀಯರು ತಮ್ಮ ದ್ವೀಪದ ಕಥೆಯನ್ನು ಆರಂಭಿಸುವುದು ರಾವಣನಿಂದಲ್ಲ. ಅವರ ಪ್ರಾಚೀನ ಚರಿತ್ರೆಯ ಗ್ರಂಥವಾದ ಪಾಳಿ ಭಾಷೆಯ 'ಮಹಾವಂಸ' ಶುರುವಾಗುವುದು ಬುದ್ಧ ಲಂಕೆಗೆ ಬಂದನೆಂಬ ನಂಬಿಕೆಯಿಂದ. ಅನಂತರ ಭಾರತದಿಂದ ಗಡೀಪಾರಾಗಿ ಬಂದ ವಿಜಯನೆಂಬ ರಾಜಕುಮಾರನಿಂದ.

ಕೆರೆ ಕಟ್ಟಿದವರ ನಾಡು

ಮೊದಲು ಮಳೆಯ ಲೆಕ್ಕ. ಲಂಕೆಗೆ ಎರಡು ಮಳೆಗಾಲ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮುಂಗಾರು ಕೊಲಂಬೊ, ಗಾಲೆ ಮತ್ತು ಮಧ್ಯದ ಬೆಟ್ಟಗಳ ಪಶ್ಚಿಮದ ಇಳಿಜಾರನ್ನು ತೋಯಿಸುತ್ತದೆ. ವರ್ಷದ ಕೊನೆಯಲ್ಲಿ ಬರುವ ಈಶಾನ್ಯದ ಮಳೆ ಉತ್ತರ ಮತ್ತು ಪೂರ್ವಕ್ಕೆ ಸೇರಿದ್ದು. ಎರಡೂ ಕಡೆ ತಿರುಗಬೇಕೆನ್ನುವವರಿಗೆ ಫೆಬ್ರುವರಿ, ಮಾರ್ಚ್ ಅನುಕೂಲ. ಕ್ಯಾಂಡಿಯ ಪೆರಹೆರ ಮೆರವಣಿಗೆ ನೋಡಲೇಬೇಕೆಂದರೆ ಜುಲೈ ಅಥವಾ ಆಗಸ್ಟ್. ಆಗ ಉತ್ತರದ ಬಯಲೂ ಒಣಗಿರುತ್ತದೆ.

ಇಲ್ಲೊಂದು ಸೋಜಿಗವಿದೆ. ಸಮೃದ್ಧವಾಗಿ ಮಳೆ ಬೀಳುವ ನೈಋತ್ಯ ಭಾಗವನ್ನು ಬಿಟ್ಟು, ವರ್ಷದ ಬಹುಪಾಲು ಒಣಗಿರುವ ಉತ್ತರದ ಬಯಲಿನಲ್ಲಿ ಲಂಕೆಯ ಮೊದಲ ದೊಡ್ಡ ರಾಜ್ಯ ಬೆಳೆಯಿತು. ಕಾಡು ಕಡಿಯುವ ಕಷ್ಟ ಅಲ್ಲಿ ಕಡಿಮೆ, ಬಯಲು ನೆಲ ಭತ್ತಕ್ಕೆ ಸರಿ. ಕೊರತೆ ನೀರಿನದೊಂದೇ. ಅದನ್ನು ಅವರು ಕೆರೆಗಳಿಂದ ತುಂಬಿಸಿಕೊಂಡರು. ಆದ್ದರಿಂದ ಕೊಲಂಬೊದಲ್ಲಿ ಇಳಿದವರು ಕ್ಯಾಂಡಿಯ ಕಡೆ ತಿರುಗದೆ ನೇರವಾಗಿ ಉತ್ತರಕ್ಕೆ, ಸುಮಾರು 200 ಕಿಲೋಮೀಟರು ದೂರದ ಅನುರಾಧಪುರಕ್ಕೆ ಹೋಗಬೇಕು. ಕ್ರಿ.ಪೂ. 4ನೇ ಶತಮಾನದ ಸುಮಾರಿನಿಂದ ಕ್ರಿ.ಶ. 10ನೇ ಶತಮಾನದ ಕೊನೆಯವರೆಗೆ, ಅಲ್ಲಲ್ಲಿ ಬಿಡುವು ಬಿಟ್ಟರೆ, ಅದೇ ರಾಜಧಾನಿ. ಇಷ್ಟು ದೀರ್ಘ ಕಾಲ ರಾಜಧಾನಿಯಾಗಿ ಉಳಿದ ಊರುಗಳು ನಮ್ಮ ದೇಶದಲ್ಲೂ ವಿರಳ.

ಅಲ್ಲಿ ಎಲ್ಲರೂ ನೋಡುವುದು ಶ್ರೀ ಮಹಾಬೋಧಿ ಎಂಬ ಅರಳಿ ಮರ. ಬೋಧಗಯೆಯ ಮರದ ಕೊಂಬೆಯನ್ನು ಅಶೋಕನ ಮಗಳು ಸಂಘಮಿತ್ರೆ ಕ್ರಿ.ಪೂ. 3ನೇ ಶತಮಾನದಲ್ಲಿ ತಂದಳೆಂಬುದು ಪರಂಪರೆ. ಮನುಷ್ಯರು ನೆಟ್ಟ ಮರಗಳಲ್ಲಿ ಇಷ್ಟು ಹಳೆಯ ದಾಖಲೆಯುಳ್ಳದ್ದು ಇನ್ನೊಂದಿಲ್ಲ. ಮಹಾಸೇನನೆಂಬ ಅರಸ ಆರಂಭಿಸಿದ ಜೇತವನಾರಾಮ ಸ್ತೂಪ ಪೂರ್ತಿಯಾದಾಗ ಸುಮಾರು 122 ಮೀಟರು ಎತ್ತರವಿತ್ತು. ಆ ಕಾಲದ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡಗಳೆಂದರೆ ಈಜಿಪ್ಟಿನ ಎರಡು ಪಿರಮಿಡ್ಡುಗಳು ಮಾತ್ರ. ಅದೂ ಕಲ್ಲಿನದಲ್ಲ, ಪೂರ್ತಿ ಇಟ್ಟಿಗೆ.

ಆದರೆ ನೀರಾವರಿಯ ನಾಡಿನಿಂದ ಹೋದ ನಮಗೆ ಹೆಚ್ಚು ಹತ್ತಿರವಾಗಬೇಕಾದವು ಕೆರೆಗಳು. 5ನೇ ಶತಮಾನದಲ್ಲಿ ಧಾತುಸೇನ ಕಟ್ಟಿಸಿದ ಕಲಾವೆವ ಕೆರೆಯಿಂದ ಅನುರಾಧಪುರದ ತಿಸ್ಸವೆವ ಕೆರೆಗೆ 87 ಕಿಲೋಮೀಟರು ಉದ್ದದ ಕಾಲುವೆಯಿದೆ. ಅದರ ಮೊದಲ 17 ಮೈಲಿಗಳಲ್ಲಿ ಇಳಿಜಾರು ಮೈಲಿಗೆ ಕೇವಲ 6 ಅಂಗುಲ. ಇಂದಿನ ಉಪಕರಣಗಳಿದ್ದರೂ ಎಂಜಿನಿಯರುಗಳು ಬೆವರಬೇಕಾದ ಕೆಲಸ ಇದು. ದೊಡ್ಡ ಕೆರೆಯ ತೂಬು ತೆಗೆದಾಗ ನೀರಿನ ಒತ್ತಡಕ್ಕೆ ಏರಿಯೇ ಕೊಚ್ಚಿಹೋಗುವ ಅಪಾಯವಿರುತ್ತದೆ. ಅದಕ್ಕೆ ಅವರು ತೂಬಿನ ಹಿಂದೆ ಚೌಕನೆಯ ಕಲ್ಲಿನ ಬಾವಿಯೊಂದನ್ನು ಕಟ್ಟಿ, ನೀರಿನ ರಭಸವನ್ನು ಅಲ್ಲಿ ಮುರಿದು ಹೊರಗೆ ಬಿಡುತ್ತಿದ್ದರು. ಇದರ ಹೆಸರು ಬಿಸೊಕೊಟುವ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿ ನೀರಾವರಿ ಅಧಿಕಾರಿಯಾಗಿದ್ದ ಹೆನ್ರಿ ಪಾರ್ಕರ್ ಇದನ್ನು ಅಭ್ಯಸಿಸಿ, ಯುರೋಪಿನವರು ಬಹಳ ತಡವಾಗಿ ಕಂಡುಕೊಂಡ ಉಪಾಯ ಇವರಿಗೆ ಮೊದಲೇ ತಿಳಿದಿತ್ತೆಂದು ಬರೆದ.

ಅನುರಾಧಪುರದಲ್ಲಿ ಇನ್ನೊಂದು ಕಥೆಯನ್ನೂ ಕೇಳಿ ತಿಳಿಯಬೇಕು. ಕ್ರಿ.ಪೂ. 2ನೇ ಶತಮಾನದಲ್ಲಿ ಚೋಳ ದೇಶದಿಂದ ಬಂದ ಎಳಾರನೆಂಬ ತಮಿಳು ಅರಸ ಅಲ್ಲಿ 44 ವರ್ಷ ಆಳಿದ. ಅವನನ್ನು ಯುದ್ಧದಲ್ಲಿ ಕೊಂದ ಸಿಂಹಳ ವೀರ ದುಟ್ಠಗಾಮಣಿ. 20ನೇ ಶತಮಾನದ ರಾಜಕೀಯ ಭಾಷಣಗಳಲ್ಲಿ ಈ ಯುದ್ಧ ಸಿಂಹಳ–ತಮಿಳು ವೈರದ ಮೊದಲ ಅಧ್ಯಾಯವಾಯಿತು. ಮಹಾವಂಸದಲ್ಲಿ ಮಾತ್ರ ಕಥೆ ಅಷ್ಟು ಸರಳವಾಗಿಲ್ಲ. ಬೌದ್ಧ ಭಿಕ್ಷುಗಳು ಬರೆದ ಆ ಗ್ರಂಥವೇ ಎಳಾರನನ್ನು ಶತ್ರು ಮಿತ್ರರೆಂಬ ಭೇದವಿಲ್ಲದೆ ನ್ಯಾಯ ಕೊಟ್ಟ ಅರಸನೆಂದು ಹೊಗಳುತ್ತದೆ. ಗೆದ್ದ ದುಟ್ಠಗಾಮಣಿ ಅವನ ಅಂತ್ಯಕ್ರಿಯೆ ಮಾಡಿಸಿ, ಸ್ಮಾರಕ ಕಟ್ಟಿಸಿ, ಆ ಜಾಗವನ್ನು ಹಾಯುವಾಗ ವಾದ್ಯ ನುಡಿಸಬಾರದೆಂದು ಆಜ್ಞೆ ಮಾಡಿದನಂತೆ. ದುಟ್ಠಗಾಮಣಿ ಕಟ್ಟಿಸಿದ ರುವನ್‌ವೆಲಿ ಸ್ತೂಪವನ್ನು ತೋರಿಸುವ ಗೈಡುಗಳು ಕಥೆಯ ಈ ಭಾಗವನ್ನೂ ಹೇಳಿದರೆ ಚೆನ್ನ.

ವಿದೇಶಿ ಪ್ರವಾಸಿಗರೂ ಈ ಊರಿಗೆ ಹೊಸಬರಲ್ಲ. 5ನೇ ಶತಮಾನದ ಆರಂಭದಲ್ಲಿ ಚೀನಾದ ಭಿಕ್ಷು ಫಾಹಿಯಾನ್ ಇಲ್ಲಿ ಎರಡು ವರ್ಷ ಇದ್ದ. ಬುದ್ಧನ ವಿಗ್ರಹದ ಮುಂದೆ ವ್ಯಾಪಾರಿಯೊಬ್ಬ ಚೀನಾದ ಬಿಳಿ ರೇಷ್ಮೆ ಬೀಸಣಿಗೆಯನ್ನು ಕಾಣಿಕೆಯಾಗಿ ಇಡುವುದನ್ನು ನೋಡಿ, ಊರು ಬಿಟ್ಟು ಹಲವು ವರ್ಷಗಳಾಗಿದ್ದ ಅವನಿಗೆ ಕಣ್ಣೀರು ತಡೆಯಲಾಗಲಿಲ್ಲವೆಂದು ಅವನ ಪ್ರವಾಸ ಕಥನ ಹೇಳುತ್ತದೆ.

ಗೋಡೆಯ ಮೇಲೆ ಬರೆದು ಹೋದವರು

ಅನುರಾಧಪುರದಿಂದ ಎರಡು ಗಂಟೆಯ ದಾರಿಯಲ್ಲಿ ಸಿಗಿರಿಯ. ಬಯಲಿನಿಂದ ಸುಮಾರು 180 ಮೀಟರು ನೆಟ್ಟಗೆ ಎದ್ದು ನಿಂತ ಒಂಟಿ ಬಂಡೆ. ಕಲಾವೆವ ಕಟ್ಟಿಸಿದ ಧಾತುಸೇನನ ಮಗ ಕಾಶ್ಯಪ, ಪಟ್ಟದ ಆಸೆಗೆ ತಂದೆಯನ್ನು ಕೊಲ್ಲಿಸಿದ. ಬಚ್ಚಿಟ್ಟ ಸಂಪತ್ತು ಎಲ್ಲಿದೆ ತೋರಿಸೆಂದಾಗ ಮುದಿ ಅರಸ ಅವರನ್ನು ಕಲಾವೆವ ಕೆರೆಗೆ ಕರೆದೊಯ್ದು, ಬೊಗಸೆಯಲ್ಲಿ ನೀರೆತ್ತಿ, ತನ್ನ ಆಸ್ತಿಯೆಲ್ಲ ಇಷ್ಟೇ ಎಂದನೆಂಬುದು 'ಚೂಳವಂಸ'ದ ಕಥೆ. (ಮಹಾವಂಸದ ಮುಂದುವರಿದ ಭಾಗಕ್ಕೆ ಈ ಹೆಸರು.) ಭಾರತಕ್ಕೆ ಓಡಿಹೋದ ತಮ್ಮ ಮೊಗ್ಗಲ್ಲಾನ ಎಂದಾದರೂ ಸೈನ್ಯದೊಂದಿಗೆ ಬರುವನೆಂಬ ಭಯದಲ್ಲಿ ಕಾಶ್ಯಪ ಈ ಬಂಡೆಯ ನೆತ್ತಿಯಲ್ಲಿ ಅರಮನೆ, ಬುಡದಲ್ಲಿ ಕಾರಂಜಿಗಳ ಉದ್ಯಾನ ಕಟ್ಟಿಸಿದ. ಮಳೆಗಾಲದಲ್ಲಿ ಆ ಕಾರಂಜಿಗಳು ಇಂದಿಗೂ ಚಿಮ್ಮುತ್ತವೆ. 495ರಲ್ಲಿ ತಮ್ಮ ಬಂದೇ ಬಂದ. ಸೋಲು ಖಚಿತವಾದಾಗ ಕಾಶ್ಯಪ ತನ್ನ ಕತ್ತನ್ನು ತಾನೇ ಕೊಯ್ದುಕೊಂಡ. ಅಲ್ಲಿಗೆ ಅವನ ರಾಜಧಾನಿಯ ಆಯುಷ್ಯ 18 ವರ್ಷ.

ಬಂಡೆಯ ಅರ್ಧ ಎತ್ತರದಲ್ಲಿ ಉಳಿದಿರುವ ಸುಮಾರು 20 ಸ್ತ್ರೀಯರ ವರ್ಣಚಿತ್ರಗಳು ಜಗತ್ತಿಗೆಲ್ಲ ಗೊತ್ತು. ಅದರ ಪಕ್ಕದ ನುಣುಪಾದ ಗೋಡೆಯನ್ನು ಮಾತ್ರ ಹಲವರು ತಿರುಗಿಯೂ ನೋಡದೆ ಮುಂದೆ ಹೋಗುತ್ತಾರೆ. ಅರಮನೆ ಪಾಳುಬಿದ್ದ ಮೇಲೆ, ಮುಖ್ಯವಾಗಿ 8ರಿಂದ 10ನೇ ಶತಮಾನದ ನಡುವೆ, ಚಿತ್ರಗಳನ್ನು ನೋಡಲು ಬಂದವರು ಆ ಗೋಡೆಯ ಮೇಲೆ ಸಣ್ಣ ಅಕ್ಷರದಲ್ಲಿ ಪದ್ಯ ಗೀಚಿ ಹೋಗಿದ್ದಾರೆ. ಚಿತ್ರದ ಹೆಣ್ಣು ಮಾತಾಡಲಿಲ್ಲವೆಂದು ಕೊರಗಿದವರಿದ್ದಾರೆ, ಹಾಗೆ ಕೊರಗಿದವರನ್ನು ಗೇಲಿ ಮಾಡಿದವರಿದ್ದಾರೆ, ತಮ್ಮ ಹೆಸರು ಮತ್ತು ಊರು ಬರೆದವರಿದ್ದಾರೆ. ಭಿಕ್ಷುಗಳು, ಸೈನಿಕರು, ಹೆಂಗಸರು, ಹೀಗೆ ಎಲ್ಲ ಬಗೆಯವರೂ ಅವರಲ್ಲಿದ್ದಾರೆ. ಪುರಾತತ್ವಜ್ಞ ಸೇನರತ್ ಪರಣವಿತಾನ ಇವುಗಳಲ್ಲಿ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಸಿಂಹಳ ಕಾವ್ಯದ ಅತಿ ಹಳೆಯ ಮಾದರಿಗಳಲ್ಲಿ ಇವು ಸೇರಿವೆ. ಸ್ಮಾರಕದ ಗೋಡೆಯ ಮೇಲೆ ಹೆಸರು ಕೆತ್ತುವ ಚಾಳಿಗೆ ನಾವು ಬೈಯುತ್ತೇವೆ, ಬೈಯಬೇಕಾದದ್ದೇ. ಆದರೆ ಸಾವಿರ ವರ್ಷದ ಹಿಂದಿನ ಈ ಚಾಳಿ ಒಂದು ಭಾಷೆಯ ಸಾಹಿತ್ಯಕ್ಕೆ ಆಸ್ತಿಯಾಗಿದೆ.

ಚರಿತ್ರೆಯಲ್ಲಿ ಕನ್ನಡಿಗರು

ಸಿಗಿರಿಯದಿಂದ ಮತ್ತೆ ಒಂದೂವರೆ ಗಂಟೆ ಪೂರ್ವಕ್ಕೆ ಹೋದರೆ ಪೊಲನ್ನರುವ. ಇಲ್ಲಿ ಕನ್ನಡಿಗರು ಸ್ವಲ್ಪ ಕಿವಿ ನೆಟ್ಟಗೆ ಮಾಡಿಕೊಳ್ಳಬೇಕು, ಏಕೆಂದರೆ ಈ ಊರಿನ ಚರಿತ್ರೆಯಲ್ಲಿ 'ಕನ್ನಾಟ'ರ ಹೆಸರು ಎರಡು ಸಲ ಬರುತ್ತದೆ.

10ನೇ ಶತಮಾನದ ಕೊನೆಯಲ್ಲಿ ಅನುರಾಧಪುರವನ್ನು ಆಳುತ್ತಿದ್ದವನು ಐದನೆಯ ಮಹಿಂದ. ರೈತರು ಕಂದಾಯ ಕೊಡಲಿಲ್ಲ, ಅವನಿಗೆ ವಸೂಲಿ ಮಾಡುವ ಶಕ್ತಿಯೂ ಇರಲಿಲ್ಲ. ಸಂಬಳ ಸಿಗದ ಕೇರಳದ ಕೂಲಿ ಸೈನಿಕರು ಅರಮನೆಯನ್ನು ಮುತ್ತಿದರು. ಅರಸ ಸುರಂಗದಿಂದ ತಪ್ಪಿಸಿಕೊಂಡು ದಕ್ಷಿಣದ ರೋಹಣಕ್ಕೆ ಓಡಿದ. ಆಮೇಲೆ ಕೇರಳದವರು, ಸಿಂಹಳೀಯರು ಮತ್ತು ಕನ್ನಾಟರು ತಮಗೆ ತೋಚಿದಂತೆ ರಾಜ್ಯ ನಡೆಸಿದರೆಂದು ಚೂಳವಂಸ ದಾಖಲಿಸಿದೆ. ಅಂದರೆ ಕನ್ನಡ ನಾಡಿನಿಂದ ಹೋದ ಸೈನಿಕರೂ ಲಂಕೆಯ ದೊರೆಯ ಕೂಲಿಯಲ್ಲಿದ್ದರು. ನಮ್ಮ ಪೂರ್ವಜರ ಬಗ್ಗೆ ಇದು ಅಂಥ ಹೆಮ್ಮೆಯ ಉಲ್ಲೇಖವೇನಲ್ಲ. ಇಂಥ ಗೊಂದಲದ ಲಾಭ ಪಡೆದು 993ರಲ್ಲಿ ರಾಜರಾಜ ಚೋಳನ ಸೈನ್ಯ ಬಂತು. ಅನುರಾಧಪುರ ಹಾಳಾಯಿತು. ಚೋಳರು ಪೊಲನ್ನರುವವನ್ನು ತಮ್ಮ ಕೇಂದ್ರ ಮಾಡಿಕೊಂಡರು. ಆ ಕಾಲದ ಶಿವ ದೇವಾಲಯವೊಂದು ಇಂದಿಗೂ ಬಹುಮಟ್ಟಿಗೆ ಇಡಿಯಾಗಿ ನಿಂತಿದೆ; ತಂಜಾವೂರನ್ನು ಕಂಡವರಿಗೆ ಅದರ ಶೈಲಿ ಪರಿಚಿತವೆನಿಸುತ್ತದೆ.

ಚೋಳರನ್ನು 1070ರಲ್ಲಿ ಹೊರಹಾಕಿದವನು ಒಂದನೆಯ ವಿಜಯಬಾಹು. ಚೋಳರ ವೈರಿಗಳು ಸಹಜವಾಗಿ ಅವನ ಮಿತ್ರರು. ಆಗ ಚೋಳರ ದೊಡ್ಡ ವೈರಿ ಯಾರೆಂಬುದು ನಮಗೆ ಗೊತ್ತು: ಕಲ್ಯಾಣದ ಚಾಲುಕ್ಯರು. ಕನ್ನಾಟದ ಅರಸ ಕಾಣಿಕೆಗಳೊಡನೆ ವಿಜಯಬಾಹುವಿನ ಬಳಿಗೆ ದೂತರನ್ನು ಕಳುಹಿಸಿದನೆಂದು ಚೂಳವಂಸ ಹೇಳುತ್ತದೆ. ಈ ಅರಸ ಆರನೆಯ ವಿಕ್ರಮಾದಿತ್ಯನೇ ಎಂಬುದು ಇತಿಹಾಸಕಾರರ ಅಭಿಪ್ರಾಯ. ಬಿಲ್ಹಣನಿಗೂ ವಿಜ್ಞಾನೇಶ್ವರನಿಗೂ ಆಶ್ರಯ ಕೊಟ್ಟ ಅದೇ ವಿಕ್ರಮಾದಿತ್ಯ. ಪ್ರತಿಯಾಗಿ ವಿಜಯಬಾಹು ಕಳುಹಿಸಿದ ದೂತರು ಚೋಳರ ಸೀಮೆಯಲ್ಲಿ ಸಿಕ್ಕಿಬಿದ್ದರು. ಅವರ ಮೂಗು ಕಿವಿಗಳನ್ನು ಕತ್ತರಿಸಿ ಹಿಂದಕ್ಕೆ ಅಟ್ಟಲಾಯಿತು. ಕಲ್ಯಾಣದ ದಾರಿಯಲ್ಲಿ ಮೂಗು ಕಳೆದುಕೊಂಡ ಈ ದೂತರ ಕಥೆ ನಮ್ಮ ಶಾಲಾ ಪುಸ್ತಕಗಳಲ್ಲಿ ಕಾಣುವುದಿಲ್ಲ.

ಪೊಲನ್ನರುವದ ಇನ್ನೊಂದು ದಾಖಲೆ ಇದಕ್ಕಿಂತ ಮುಖ್ಯ. ಬುದ್ಧನ ದಂತವನ್ನು ಇರಿಸಿದ ದೇವಾಲಯದ ರಕ್ಷಣೆಯ ಹೊಣೆಯನ್ನು ವಿಜಯಬಾಹುವಿನ ಕಾಲದ ನಂತರ ವಹಿಸಿಕೊಂಡವರು ವೇಳೈಕ್ಕಾರರೆಂಬ ದಕ್ಷಿಣ ಭಾರತದ ಸೈನಿಕರು. ಆ ಬಗ್ಗೆ ಅವರು ಅಲ್ಲಿ ಕಲ್ಲಿನ ಮೇಲೆ ಬರೆಸಿದ್ದು ತಮಿಳಿನಲ್ಲಿ. ಸಿಂಹಳ ಬೌದ್ಧರ ಅತ್ಯಂತ ಪವಿತ್ರ ವಸ್ತುವಿಗೆ ತಮಿಳರ ಕಾವಲು! ಇಪ್ಪತ್ತನೆಯ ಶತಮಾನದ ವೈರವನ್ನು ಹಿಂದಕ್ಕೆ ಎಳೆದು ಹನ್ನೆರಡನೆಯ ಶತಮಾನಕ್ಕೆ ಅಂಟಿಸುವವರಿಗೆ ಈ ಕಲ್ಲು ತೊಡಕು.

12ನೇ ಶತಮಾನದಲ್ಲಿ ಒಂದನೆಯ ಪರಾಕ್ರಮಬಾಹು ಸಮುದ್ರವೆಂದೇ ಹೆಸರಿಟ್ಟ ಕೆರೆ ಕಟ್ಟಿಸಿದ. ಗಲ್ ವಿಹಾರದ ಬಂಡೆಯಲ್ಲಿ ಕೆತ್ತಿದ ಬುದ್ಧ ವಿಗ್ರಹಗಳೂ ಅವನ ಕಾಲದವೇ. ಈ ವೈಭವ ಹೆಚ್ಚು ದಿನ ಉಳಿಯಲಿಲ್ಲ. 1215ರಲ್ಲಿ ಕಳಿಂಗದ ಮಾಘ ದಂಡೆತ್ತಿ ಬಂದ. ಕೆರೆಗಳ ಏರಿಗಳು ಒಡೆದವು, ನೋಡಿಕೊಳ್ಳುವವರು ಇಲ್ಲವಾದರು, ಮಲೇರಿಯಾ ಹರಡಿತು, ಜನ ಗುಳೆ ಹೋದರು. ಅಲ್ಲಿಂದ ರಾಜಧಾನಿ ದಂಬದೆಣಿಯ, ಯಾಪಹುವ, ಕುರುಣೇಗಲ, ಗಂಪೊಲ, ಕೋಟ್ಟೆ ಎಂದು ಹೆಜ್ಜೆ ಹೆಜ್ಜೆಯಾಗಿ ನೈಋತ್ಯಕ್ಕೆ ಸರಿಯಿತು. ಹೋದಲ್ಲೆಲ್ಲ ದಂತವೂ ಹೋಯಿತು, ಏಕೆಂದರೆ ದಂತ ಯಾರ ಬಳಿ ಇದೆಯೋ ಅವನೇ ದೊರೆ ಎಂಬ ನಂಬಿಕೆ ಬೇರೂರಿತ್ತು. ಒಂದೊಂದನ್ನೂ ನೋಡುತ್ತ ಹೋಗಲು ವಾರಗಳೇ ಬೇಕು. ದಾರಿಯಲ್ಲಿ ದಂಬುಲ್ಲದ ಗುಹಾ ದೇವಾಲಯವನ್ನಷ್ಟು ನೋಡಿಕೊಂಡು ಕ್ಯಾಂಡಿಗೆ ನಡೆಯಬಹುದು.

ಬೆಟ್ಟದೊಳಗಿನ ರಾಜ್ಯ

ಪೋರ್ಚುಗೀಸರು, ಡಚ್ಚರು ಒಬ್ಬರಾದ ಮೇಲೊಬ್ಬರು ಕರಾವಳಿಯನ್ನು ಹಿಡಿದರೂ ಕ್ಯಾಂಡಿ ಮಾತ್ರ 1815ರವರೆಗೆ ಬಗ್ಗಲಿಲ್ಲ. ಬೆಟ್ಟ, ಕಾಡು, ಜಿಗಣೆ, ಜ್ವರ ಅದರ ಕೋಟೆ. ಒಳಗೆ ಬರುವ ಕಾಲುದಾರಿಗಳಿಗೆ ಮುಳ್ಳಿನ ಬಾಗಿಲುಗಳಿದ್ದವು. ಇದನ್ನೆಲ್ಲ ಬರೆದಿಟ್ಟವನು ರಾಬರ್ಟ್ ನಾಕ್ಸ್ ಎಂಬ ಇಂಗ್ಲಿಷ್ ನಾವಿಕ. 1660ರಲ್ಲಿ ಸೆರೆಸಿಕ್ಕ ಅವನು ಜೈಲಿನಲ್ಲಿರಲಿಲ್ಲ. ಮನೆ ಕಟ್ಟಿಕೊಂಡು, ಟೋಪಿ ಹೆಣೆದು, ವ್ಯಾಪಾರ ಮಾಡಿಕೊಂಡಿದ್ದ. ದೇಶ ಬಿಟ್ಟು ಹೋಗುವಂತಿರಲಿಲ್ಲ, ಅಷ್ಟೆ. 19 ವರ್ಷಗಳ ನಂತರ ತಪ್ಪಿಸಿಕೊಂಡು ಹೋಗಿ 1681ರಲ್ಲಿ ಪ್ರಕಟಿಸಿದ ಅವನ ಪುಸ್ತಕವನ್ನು ಲಂಕೆಗೆ ಹೋಗುವವರು ಮೊದಲೇ ಓದಿಕೊಂಡರೆ ಒಳ್ಳೆಯದು. ಎಷ್ಟೋ ಗೈಡ್ ಪುಸ್ತಕಗಳಿಗಿಂತ ಅದರಲ್ಲಿ ಹೆಚ್ಚು ಸರಕಿದೆ.

1739ರಿಂದ ಕ್ಯಾಂಡಿಯನ್ನು ಆಳಿದವರು ಮದುರೆಯ ಕಡೆಯ ನಾಯಕ ಮನೆತನದವರು. ಹುಟ್ಟಿನಿಂದ ಶೈವರು. ಅವರಲ್ಲೇ ಒಬ್ಬನಾದ ಕೀರ್ತಿಶ್ರೀ ರಾಜಸಿಂಹ, ಲಂಕೆಯಲ್ಲಿ ಕಡಿದುಹೋಗಿದ್ದ ಭಿಕ್ಷು ದೀಕ್ಷೆಯ ಪರಂಪರೆಯನ್ನು 1753ರಲ್ಲಿ ಸಯಾಮಿನಿಂದ ಭಿಕ್ಷುಗಳನ್ನು ಕರೆಸಿ ಮತ್ತೆ ಆರಂಭಿಸಿದ. ಹಿಂದೂ ದೇವತೆಗಳ ಉತ್ಸವವಾಗಿದ್ದ ಪೆರಹೆರದಲ್ಲಿ ಬುದ್ಧನ ದಂತಕ್ಕೆ ಅಗ್ರಸ್ಥಾನ ಕೊಟ್ಟವನೂ ಅವನೇ. ಇಂದು ಕ್ಯಾಂಡಿಯಲ್ಲಿ ಅಲಂಕರಿಸಿದ ಆನೆಗಳ ಸಾಲು ನೋಡುವವರು ನಾಲ್ಕು ದೇವತೆಗಳ ಮೆರವಣಿಗೆಗಳೂ ಅದರಲ್ಲಿ ಸೇರಿರುವುದನ್ನು ಗಮನಿಸಬಹುದು. ವಿಷ್ಣು, ಕತರಗಮ ದೇವರೆನಿಸಿದ ಸ್ಕಂದ, ಪತ್ತಿನಿ ದೇವಿ ಮತ್ತು ನಾಥ.

ಕೊನೆಯ ಅರಸ ಶ್ರೀ ವಿಕ್ರಮ ರಾಜಸಿಂಹ. ಪಟ್ಟಣದ ನಡುವಿನ ಸುಂದರ ಕೆರೆ ಅವನದು. ಸ್ವಂತ ಸರದಾರರೇ ಬ್ರಿಟಿಷರ ಜೊತೆ ಸೇರಿ 1815ರಲ್ಲಿ ಅವನನ್ನು ಹಿಡಿದುಕೊಟ್ಟರು. ಮರುವರ್ಷ ಅವನನ್ನು ವೆಲ್ಲೂರು ಕೋಟೆಗೆ ತರಲಾಯಿತು. ಅದಕ್ಕೆ ಹತ್ತು ವರ್ಷ ಹಿಂದಿನವರೆಗೆ ಅದೇ ಕೋಟೆಯಲ್ಲಿ ಸೆರೆಯಲ್ಲಿದ್ದವರು ಟಿಪ್ಪು ಸುಲ್ತಾನನ ಮಕ್ಕಳು. 1806ರ ಸಿಪಾಯಿ ದಂಗೆಯ ನಂತರ ಅವರನ್ನು ಕಲ್ಕತ್ತಕ್ಕೆ ಸಾಗಿಸಲಾಗಿತ್ತು. ಶ್ರೀರಂಗಪಟ್ಟಣ ಮತ್ತು ಕ್ಯಾಂಡಿ, ಎರಡೂ ರಾಜ್ಯಗಳ ಕೊನೆ ಹೀಗೆ ಒಂದೇ ಕೋಟೆಗೆ ಬಂದು ಮುಟ್ಟಿತು. ಲಂಕೆಯ ಕೊನೆಯ ಅರಸ 1832ರಲ್ಲಿ ಅಲ್ಲೇ ತೀರಿಕೊಂಡ. ಅವನ ಸಮಾಧಿ ವೆಲ್ಲೂರಿನಲ್ಲಿದೆ.

ಕಾಫಿ ಹಾಕಿಸಿದ ಹಳಿ

ಕ್ಯಾಂಡಿಯಿಂದ ನುವಾರ ಎಲಿಯಕ್ಕೆ ಹತ್ತಿರದ ನಾನು ಓಯ ನಿಲ್ದಾಣ, ಎಲ್ಲ ಎಂಬ ಊರು, ಅಲ್ಲಿಂದ ಬದುಲ್ಲದವರೆಗೆ ಹೋಗುವ ರೈಲು ಜಗತ್ತಿನ ಅತಿ ಸುಂದರ ರೈಲು ಪ್ರಯಾಣಗಳಲ್ಲಿ ಒಂದೆಂದು ಹೆಸರಾಗಿದೆ. (2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತ ಮತ್ತು ಗುಡ್ಡ ಕುಸಿತಗಳಿಂದ ಬೆಟ್ಟದ ಈ ಮಾರ್ಗಕ್ಕೆ ದೊಡ್ಡ ಪೆಟ್ಟು ಬಿದ್ದಿತು. ಯಾವ ಭಾಗದಲ್ಲಿ ರೈಲು ಓಡುತ್ತಿದೆ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.) ಮಾರ್ಗ ಕೊಲಂಬೊದಿಂದ ಕ್ಯಾಂಡಿಗೆ ಬಂದದ್ದು 1867ರಲ್ಲಿ, ನಾನು ಓಯಕ್ಕೆ 1885ರಲ್ಲಿ, ಬದುಲ್ಲಕ್ಕೆ 1924ರಲ್ಲಿ. ಪಟ್ಟಿಪೊಲ ನಿಲ್ದಾಣದ ಎತ್ತರ 1,898 ಮೀಟರು. ಇಷ್ಟು ಎತ್ತರಕ್ಕೆ ಊಟಿಯಂತೆ ಪುಟ್ಟ ಹಳಿಯಲ್ಲ, ಬ್ರಾಡ್‌ಗೇಜ್ ಹಳಿಯನ್ನೇ ಏರಿಸಿದ್ದಾರೆ. ಈ ಖರ್ಚನ್ನೆಲ್ಲ ಮಾಡಿಸಿದ್ದು ಮೊದಲು ಕಾಫಿ, ಆಮೇಲೆ ಚಹಾ.

ಹೌದು, ಸಿಲೋನ್ ಮೊದಲು ಚಹಾದ ನಾಡಾಗಿರಲಿಲ್ಲ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು, ಎರಡು ದಶಕಗಳೊಳಗೆ ಅಲ್ಲಿನ ಕಾಫಿಯನ್ನು ಮುಗಿಸಿಹಾಕಿತು. ಅದೇ ರೋಗ ನಮ್ಮ ಕೊಡಗು, ಚಿಕ್ಕಮಗಳೂರುಗಳಿಗೂ ಬಂತು. ನಮ್ಮವರು ನೆರಳಿನ ಮರ, ರೋಗ ತಡೆಯುವ ತಳಿ ಎಂದು ಹೇಗೋ ಕಾಫಿಯನ್ನು ಉಳಿಸಿಕೊಂಡರು. ಅಲ್ಲಿನವರು, ಸ್ಕಾಟ್ಲೆಂಡಿನ ಜೇಮ್ಸ್ ಟೇಲರ್ 1867ರಲ್ಲೇ ಲೂಲ್‌ಕಂದುರ ತೋಟದಲ್ಲಿ ಬೆಳೆಯತೊಡಗಿದ್ದ ಚಹಾಕ್ಕೆ ತಿರುಗಿದರು.

ಕಾಫಿಯಾಗಲಿ ಚಹಾವಾಗಲಿ, ದುಡಿದವರು ಮಾತ್ರ ತಮಿಳುನಾಡಿನ ಬಡವರು. ಕಾಫಿಯ ಕಾಲದಲ್ಲಿ ಅವರು ಮನ್ನಾರಿನ ತೀರದಲ್ಲಿ ಇಳಿದು ಕಾಡಿನ ಮೂಲಕ ಬೆಟ್ಟದವರೆಗೆ ನಡೆದೇ ಬರಬೇಕಿತ್ತು. ಕಾಲರಾ, ಜ್ವರ, ಹಸಿವಿನಿಂದ ದಾರಿಯಲ್ಲೇ ಸತ್ತವರು ಅಸಂಖ್ಯ. ರೈಲಿನ ಕಿಟಕಿಯಿಂದ ಕಾಣುವ, ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಲೈನ್ ಮನೆಗಳಲ್ಲಿ ಈಗಲೂ ಇರುವವರು ಅವರ ವಂಶದವರೇ. ನಮ್ಮ ಮಲೆನಾಡಿನ ತೋಟಗಳನ್ನು ಕಂಡವರಿಗೆ ಲೈನ್ ಮನೆಯನ್ನು ವಿವರಿಸಬೇಕಾಗಿಲ್ಲ.

ಸ್ವಾತಂತ್ರ್ಯ ಬಂದ 1948ರಲ್ಲೇ ಹೊಸ ಸರ್ಕಾರ ತಂದ ಪೌರತ್ವ ಕಾನೂನು ಈ ತೋಟದ ಜನರಲ್ಲಿ ಬಹುಪಾಲನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು: 5.25 ಲಕ್ಷ ಜನ ಭಾರತಕ್ಕೆ, 3 ಲಕ್ಷ ಜನ ಶ್ರೀಲಂಕಾಕ್ಕೆ, ಉಳಿದ 1.5 ಲಕ್ಷದ ತೀರ್ಮಾನ ಆಮೇಲೆ. ಪಾಲಾಗುತ್ತಿದ್ದವರನ್ನು ಮಾತ್ರ ಯಾರೂ ಕೇಳಲಿಲ್ಲ. ಹಾಗೆ ಬಂದವರಲ್ಲಿ ಹಲವರು ಈಗ ನಮ್ಮವರೇ. ಸುಳ್ಯ, ಪುತ್ತೂರು ಕಡೆಯ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಈ ಒಪ್ಪಂದದಡಿ ಬಂದ ಕುಟುಂಬಗಳಿಗೆ ಕೆಲಸ ಮತ್ತು ವಸತಿ ಕೊಡಲಾಯಿತು. ಬೆಟ್ಟದಲ್ಲಿ ಉಳಿದವರಿಗೆ ಪೂರ್ತಿಯಾಗಿ ಪೌರತ್ವ ಸಿಕ್ಕಿದ್ದು 2003ರ ಕಾನೂನಿನಿಂದ. ಅಂದರೆ 55 ವರ್ಷ ಅವರ ಸಮಸ್ಯೆ ಬಗೆಹರಿದಿರಲಿಲ್ಲ. ಚಹಾ ತೋಟದಲ್ಲಿ ಬುಟ್ಟಿ ಹೊತ್ತ ಹೆಂಗಸರ ಫೋಟೊ ತೆಗೆಯುವವರು ಈ ಲೆಕ್ಕವನ್ನೂ ತಿಳಿದುಕೊಂಡಿರಬೇಕು.

ಬೆಟ್ಟ ಇಳಿದು ದಕ್ಷಿಣದ ಕರಾವಳಿಗೆ ಬಂದರೆ ಗಾಲೆ. ಪೋರ್ಚುಗೀಸರು ಆರಂಭಿಸಿ ಡಚ್ಚರು ಬೆಳೆಸಿದ ಕೋಟೆಯ ಒಳಗೆ ಇಂದಿಗೂ ಜನ ವಾಸಿಸುತ್ತಾರೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಹೊರಗಿನ ಊರು ಕೊಚ್ಚಿಹೋದಾಗ ಕೋಟೆಯ ಗೋಡೆಗಳು ಒಳಗಿನವರನ್ನು ಕಾಪಾಡಿದವು. ಗಾಲೆಯಲ್ಲಿ 1911ರಲ್ಲಿ ಸಿಕ್ಕ ಕಲ್ಲೊಂದು ಈಗ ಕೊಲಂಬೊದ ರಾಷ್ಟ್ರೀಯ ವಸ್ತು ಸಂಗ್ರಹಾಲಯದಲ್ಲಿದೆ. ಚೀನಾದ ನೌಕಾಧಿಪತಿ ಝೆಂಗ್ ಹೆ 15ನೇ ಶತಮಾನದ ಆರಂಭದಲ್ಲಿ ತಂದು ನಿಲ್ಲಿಸಿದ ಕಲ್ಲು ಅದು. ಅದರಲ್ಲಿ ಚೀನೀ ಭಾಷೆಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುವಿಗೆ, ಪರ್ಷಿಯನ್ನಿನಲ್ಲಿ ಅಲ್ಲಾನಿಗೆ ಕಾಣಿಕೆಗಳ ಪಟ್ಟಿಯಿದೆ. ವ್ಯಾಪಾರಕ್ಕೆ ಬಂದವನು ಯಾವ ದೇವರನ್ನೂ ಮುನಿಸಿಕೊಳ್ಳಲು ಬಿಟ್ಟಿಲ್ಲ.

ಕೈಬಿಟ್ಟ ಉತ್ತರ

ಇಲ್ಲಿಯವರೆಗಿನ ಯೋಜನೆಯಲ್ಲಿ ಒಂದು ಊರನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇವೆ. ಅನುರಾಧಪುರದಲ್ಲಿ ಪ್ರವಾಸಿಗರು ದಕ್ಷಿಣಕ್ಕೆ ತಿರುಗುತ್ತಾರೆ, ಆದರೆ ರೈಲು ಅಲ್ಲಿ ನಿಲ್ಲುವುದಿಲ್ಲ. ಸುಮಾರು 200 ಕಿಲೋಮೀಟರು ಮುಂದೆ ಜಾಫ್ನಾಕ್ಕೆ ಹೋಗುತ್ತದೆ. ಆರಂಭದಲ್ಲೇ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು ಮೊದಲು ಅಲ್ಲಿಗೆ ಹೋಗಿ, ಅನಂತರ ಅನುರಾಧಪುರಕ್ಕೆ ಇಳಿಯುವುದು ಸುಲಭ.

1983ರಲ್ಲಿ ಆರಂಭವಾಗಿ 2009ರಲ್ಲಿ ಮುಗಿದ ಯುದ್ಧದ ಕಾಲದಲ್ಲಿ ಇದು ಸಾಧ್ಯವಿರಲಿಲ್ಲ. ಆ ಸುದ್ದಿಗಳನ್ನು ಕೇಳುತ್ತ ಬೆಳೆದ ನಮ್ಮ ತಲೆಮಾರಿನವರಿಗೆ ಜಾಫ್ನಾ ಎಂದರೆ ಬಾಂಬು, ನಿರಾಶ್ರಿತರು, ಶಾಂತಿ ಪಾಲನಾ ಪಡೆ ಇಷ್ಟೇ. 1990ರಲ್ಲಿ ನಿಂತ ಜಾಫ್ನಾದ ರೈಲು ಮತ್ತೆ ಬಂದದ್ದು 2014ರ ಅಕ್ಟೋಬರಿನಲ್ಲಿ. ನಡುವೆ ಹಳಿ, ಸ್ಲೀಪರುಗಳೆಲ್ಲ ಬಂಕರುಗಳಿಗೆ ಬಳಕೆಯಾಗಿ ಹೋಗಿದ್ದವು. ಭಾರತದ ಸಾಲದ ನೆರವಿನಲ್ಲಿ ಭಾರತದ ಇರ್ಕಾನ್ ಸಂಸ್ಥೆ ಮಾರ್ಗವನ್ನು ಹೊಸದಾಗಿ ಹಾಕಿತು.

ಯುದ್ಧ ಸ್ಮಾರಕಗಳನ್ನೂ ಬಿಡಲಿಲ್ಲ. 1981ರ ಮೇ 31ರ ರಾತ್ರಿ, ಪೊಲೀಸರೂ ಸೇರಿದ್ದ ಗುಂಪು ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಹಚ್ಚಿತು. ಸುಮಾರು 97,000 ಪುಸ್ತಕಗಳು, ಮತ್ತೆಲ್ಲೂ ಪ್ರತಿಯಿಲ್ಲದ ಓಲೆಗರಿಗಳು ಸುಟ್ಟುಹೋದವು. 1985ರ ಮೇ ತಿಂಗಳಲ್ಲಿ ಎಲ್‌ಟಿಟಿಇ ಅನುರಾಧಪುರದ ಬೋಧಿವೃಕ್ಷದ ಬಳಿ ಯಾತ್ರಿಕರ ಮೇಲೆ ಗುಂಡಿನ ಮಳೆಗರೆಯಿತು. ಆ ದಿನ ಊರಿನಲ್ಲಿ ಸತ್ತವರು ನೂರಕ್ಕೂ ಹೆಚ್ಚು. 1990ರಲ್ಲಿ ಅದೇ ಸಂಘಟನೆ ಉತ್ತರದ ಮುಸ್ಲಿಮರನ್ನೆಲ್ಲ ಊರು ಬಿಡಿಸಿತು. 1998ರ ಜನವರಿಯಲ್ಲಿ ಕ್ಯಾಂಡಿಯ ದಂತ ದೇವಾಲಯದ ಬಾಗಿಲಲ್ಲಿ ಅದು ಲಾರಿ ಬಾಂಬು ಸಿಡಿಸಿತು. ಎಂಟುನೂರು ವರ್ಷಗಳ ಹಿಂದೆ ತಮಿಳರು ಕಾವಲಿದ್ದ ಅದೇ ದಂತ.

ಜಾಫ್ನಾದ ಗ್ರಂಥಾಲಯವನ್ನು ಮೊದಲಿನಂತೆಯೇ ಬಿಳಿಯ ಗುಮ್ಮಟಗಳೊಡನೆ ಮತ್ತೆ ಕಟ್ಟಲಾಗಿದೆ. ಪುಸ್ತಕಗಳು ಬಂದಿವೆ, ಓದುವ ಹುಡುಗರು ಬಂದಿದ್ದಾರೆ. ಸುಟ್ಟ ಓಲೆಗರಿಗಳು ಬರಲಾರವು. ಪ್ರವಾಸಿಗರ ಪಟ್ಟಿಯಲ್ಲಿ ಈ ಕಟ್ಟಡ ಸಿಗಿರಿಯದಷ್ಟೇ ದೊಡ್ಡ ಅಕ್ಷರದಲ್ಲಿರಬೇಕೆಂಬುದು ನಮ್ಮ ಅಭಿಪ್ರಾಯ. ಬಿಡುವಿದ್ದರೆ ನಲ್ಲೂರಿನ ಕಂದಸ್ವಾಮಿ ದೇವಾಲಯ, ಡಚ್ಚರ ಕೋಟೆ ನೋಡಿಕೊಂಡು ಕುರಿಕಟ್ಟುವಾನ್ ಎಂಬ ಜೆಟ್ಟಿಗೆ ಹೋಗಿ ದೋಣಿ ಹತ್ತಬಹುದು. ಎದುರಿನ ಪುಟ್ಟ ದ್ವೀಪಕ್ಕೆ ತಮಿಳರಲ್ಲಿ ನಯಿನಾತೀವು, ಸಿಂಹಳೀಯರಲ್ಲಿ ನಾಗದೀಪ ಎಂದು ಹೆಸರು. ಅಲ್ಲಿ ನಾಗಪೂಷಣಿ ಅಮ್ಮನ ದೇವಾಲಯವಿದೆ; ಬುದ್ಧ ಬಂದು ಹೋದನೆಂದು ನಂಬುವ ಬೌದ್ಧ ವಿಹಾರವೂ ಇದೆ. ಕುಂಕುಮ ಇಟ್ಟವರು, ಬಿಳಿ ಬಟ್ಟೆಯುಟ್ಟು ತಾವರೆ ಹಿಡಿದವರು ಒಂದೇ ದೋಣಿಯಲ್ಲಿ ಒತ್ತೊತ್ತಾಗಿ ಕೂರುತ್ತಾರೆ.

ಉತ್ತರಕ್ಕೆ ಹೋಗಲು ಕೊಲಂಬೊವನ್ನೇ ಹಾಯಬೇಕೆಂಬ ನಿಯಮವೂ ಇಲ್ಲ. ಹಿಂದೆ ಮದರಾಸಿನಿಂದ ಧನುಷ್ಕೋಟಿಗೆ ರೈಲು, ಅಲ್ಲಿಂದ ಹಡಗು, ತಲೈಮನ್ನಾರಿನಿಂದ ಮತ್ತೆ ರೈಲು ಎಂಬ ಬೋಟ್ ಮೇಲ್ ವ್ಯವಸ್ಥೆ 1914ರಿಂದ ಇತ್ತು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನೇ ಅಳಿಸಿಹಾಕಿತು. ರಾಮೇಶ್ವರದಿಂದ ಮುಂದುವರಿದ ಹಡಗೂ ಯುದ್ಧದ ಆರಂಭದ ವರ್ಷಗಳಲ್ಲಿ ನಿಂತಿತು. 2023ರ ಅಕ್ಟೋಬರಿನಲ್ಲಿ ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ ಪ್ರಯಾಣಿಕರ ಹಡಗು ಆರಂಭವಾಗಿ, ಕೆಲವೇ ದಿನಗಳಲ್ಲಿ ನಿಂತು, 2024ರ ಆಗಸ್ಟಿನಲ್ಲಿ ಮತ್ತೆ ಶುರುವಾಯಿತು. ಸಮುದ್ರ ದಾಟಲು ನಾಲ್ಕು ಗಂಟೆಯ ಸುಮಾರು ಬೇಕು. ಹಿಂಗಾರಿನ ತಿಂಗಳುಗಳಲ್ಲಿ ಈ ಹಡಗನ್ನು ನಂಬುವಂತಿಲ್ಲ. ರೈಲಿಗೆ ನಾಗಪಟ್ಟಣದ ಟಿಕೆಟ್ ತೆಗೆಯುವ ಮೊದಲು ಹಡಗು ಹೊರಡುತ್ತದೆಯೇ ಎಂದು ವಿಚಾರಿಸಿಕೊಳ್ಳಿ.